ಬೀಗ ಹಾಕಿದ ಸ್ಮಾರ್ಟ್ ಟಿವಿಯಿಂದ ಪಾಠದವರೆಗೆ: ನೆಟ್ ಬಂದು ಹೋಗುವ ಊರಿನ ಶಿಕ್ಷಕರಿಗೆ ಮಿಶ್ರ ಕಲಿಕೆಯ ಕೈಪಿಡಿ

ಸ್ಮಾರ್ಟ್ ತರಗತಿ ಕೋಣೆಯ ಕೀಲಿ ಯಾರ ಹತ್ತಿರ ಇದೆ? ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಹೆಡ್‌ಮಾಸ್ಟರ ಮೇಜಿನ ಡ್ರಾದಲ್ಲಿದ್ದರೆ, ಅವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆಗೆ ಹೋದ ದಿನ ಟಿವಿಗೂ ರಜೆ. ಇನ್ನೊಂದು ಕೀಲಿ ಮಾಡಿಸಿ ಸ್ಟಾಫ್ ರೂಮಿನ ಮೊಳೆಗೆ ನೇತುಹಾಕಿ. ಪಕ್ಕದಲ್ಲಿ ಒಂದು ನೋಟ್‌ಬುಕ್ಕಿಟ್ಟು ಯಾರು, ಯಾವ ತರಗತಿಗೆ, ಎಷ್ಟು ಹೊತ್ತಿಗೆ ಒಯ್ದರು ಎಂದು ಬರೆಸಿ. ಯಾವ ಆ್ಯಪ್, ಯಾವ ವಿಡಿಯೊ ಎಂಬ ಮಾತೆಲ್ಲ ಆಮೇಲೆ.

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಪ್ರೌಢಶಾಲೆಗಳನ್ನು ಕಣ್ಮುಂದೆ ಇಟ್ಟುಕೊಂಡು ಇದನ್ನು ಬರೆದಿದೆ. ಮಿಶ್ರ ಕಲಿಕೆ ಎಂದರೆ ಇಲ್ಲಿ ಶಿಕ್ಷಕರ ಪಾಠದ ಜೊತೆ ಟಿವಿ, ಫೋನು, ಕಂಪ್ಯೂಟರುಗಳನ್ನು ಬೆರೆಸಿ ಕಲಿಸುವುದು. ಒಂದು ತರಗತಿಗೆ 40–45 ಮಕ್ಕಳು, 40 ನಿಮಿಷದ ಪಿರಿಯಡ್, ಇಡೀ ಶಾಲೆಗೆ ಒಂದು ಟಿವಿ ಅಥವಾ ಪ್ರೊಜೆಕ್ಟರ್, ಶಿಕ್ಷಕರ ಸ್ವಂತ ಫೋನು, ಮನಸ್ಸು ಬಂದಾಗ ಬರುವ ನೆಟ್. ಪಾಠ ಮಾಡುವವರಿಗೂ, ಅವರ ಜೊತೆ ನಿಂತು ನೆರವಾಗಬೇಕಾದ ಸಿಆರ್‌ಪಿ, ಬಿಆರ್‌ಪಿ (ಕ್ಲಸ್ಟರ್, ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳು), ಹಿರಿಯ ಸಹೋದ್ಯೋಗಿಗಳಿಗೂ ಇದು ಉಪಯೋಗಕ್ಕೆ ಬರಬೇಕು.

ಮಕ್ಕಳು ಎಲ್ಲಿ ಸಿಕ್ಕಿಬೀಳುತ್ತಾರೆ?

ಟಿವಿ ಇದೆ, ಏನು ತೋರಿಸೋಣ ಅಂತ ಹೊರಟರೆ ಎರಡೇ ವಾರಕ್ಕೆ ಅದು ಸಿನಿಮಾ ಪಿರಿಯಡ್ ಆಗುತ್ತದೆ. ಹಿಂದಿನ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಕೂರಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು ತಪ್ಪು ಮಾಡಿದ ಎರಡು ಪ್ರಶ್ನೆ ಹುಡುಕಿ, ಎರಡೇ ಸಾಕು. ಆ ವಿಷಯ ಚಲಿಸುವಂಥದ್ದೇ? ಕಣ್ಣಿಗೆ ಕಾಣದಷ್ಟು ಸಣ್ಣದೇ, ಅಥವಾ ಕೋಣೆಗೆ ತರಲಾಗದಷ್ಟು ದೊಡ್ಡದೇ? ಮತ್ತೆ ಮತ್ತೆ ಮಾಡಿ ನೋಡಬೇಕಾದದ್ದೇ? ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಪರದೆಗೆ ಕೆಲಸ ಇದೆ. ಹೃದಯದೊಳಗೆ ರಕ್ತ ಹರಿಯುವ ದಾರಿಗೆ ಇದೆ. ವಿಭಕ್ತಿ ಪ್ರತ್ಯಯಕ್ಕೆ ಇಲ್ಲ. ಅದಕ್ಕೆ ಸೀಮೆಸುಣ್ಣವೇ ಮೇಲು.

ಕೆಲವು ವಿಷಯಗಳಲ್ಲಿ ಪರದೆಗಿಂತ ಅಂಗಳವೇ ಮುಂದೆ. ನಮ್ಮ ಜಿಲ್ಲೆಗಳಲ್ಲಿ ವರ್ಷಕ್ಕೆ ಎರಡು ಸಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿನ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಮೇ ತಿಂಗಳ ಮೊದಲ ವಾರದ ಹೊತ್ತಿಗೆ ಬರುವುದು ರಜೆಯಲ್ಲಿ ಹೋಗಿಬಿಡುತ್ತದೆ. ಇನ್ನೊಂದು ಸಿಗುತ್ತದೆ: ರಾಯಚೂರಿನಲ್ಲಿ ಆಗಸ್ಟ್ 8ರ ಆಸುಪಾಸು, ಕೊಪ್ಪಳ, ಬಳ್ಳಾರಿಯಲ್ಲಿ 11–12ರ ಆಸುಪಾಸು, ಮಧ್ಯಾಹ್ನ ಸುಮಾರು 12.25ರಿಂದ 12.30ರ ನಡುವೆ. ಮಕ್ಕಳು ಮೊದಲು ಅಂಗಳದಲ್ಲಿ ನೆರಳು ಅಳೆಯಲಿ. ಆಮೇಲೆ ನೆಟ್ ಬೇಡದ ಉಚಿತ ತಂತ್ರಾಂಶ ಸ್ಟೆಲ್ಲೇರಿಯಂನಲ್ಲಿ ನಿಮ್ಮೂರಿನ ಅಕ್ಷಾಂಶ-ರೇಖಾಂಶ ಹಾಕಿ ದಿನಗಳನ್ನು ಓಡಿಸಿ, ಸೂರ್ಯನ ದಾರಿ ವರ್ಷವಿಡೀ ಹೇಗೆ ಸರಿಯುತ್ತದೆ ಎಂದು ತೋರಿಸಿ. ಆಗಸ್ಟ್‌ನಲ್ಲಿ ಮೋಡ ಕೈಕೊಡಬಹುದು. ಅಂಥ ವರ್ಷ ಸ್ಟೆಲ್ಲೇರಿಯಂ ಒಂದೇ ಗತಿ.

ಕೋಣೆ, ಕರೆಂಟು, ಕೇಬಲ್ಲು

ತಂತ್ರಜ್ಞಾನ ಕೈಕೊಟ್ಟಿತು ಎಂದು ಶಿಕ್ಷಕರು ಹೇಳುವ ಹತ್ತರಲ್ಲಿ ಏಳೆಂಟು ಸಂಗತಿ ಈ ಭಾಗಕ್ಕೇ ಸೇರಿದವು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಕಿಟಕಿ ಇರುವ ಗೋಡೆಗೂ ಬೇಡ, ಅದರ ಎದುರಿನ ಗೋಡೆಗೂ ಬೇಡ. ಟಿವಿಯನ್ನು ಪಕ್ಕದ ಗೋಡೆಗೆ ಹಾಕಿ. ಎದುರು ಗೋಡೆಯಲ್ಲಿದ್ದರೆ ಪರದೆಯಲ್ಲಿ ಪಾಠಕ್ಕಿಂತ ಕಿಟಕಿಯೇ ಚೆನ್ನಾಗಿ ಕಾಣುತ್ತದೆ. ಮಕ್ಕಳು ನೆಲದ ಮೇಲೆ ಕೂರುವ ಕೋಣೆಯಲ್ಲಿ ಪರದೆಯ ಕೆಳಅಂಚು ನೆಲದಿಂದ ಮೂರೂವರೆ–ನಾಲ್ಕು ಅಡಿ ಎತ್ತರದಲ್ಲಿರಲಿ. ಅದಕ್ಕಿಂತ ಮೇಲಾದರೆ ಮುಂದಿನ ಸಾಲಿನವರ ಕುತ್ತಿಗೆ ನೋಯುತ್ತದೆ, ಕೆಳಗಾದರೆ ಹಿಂದಿನವರಿಗೆ ಬರೀ ಜಡೆ ಕಾಣುತ್ತದೆ. ಪ್ರೊಜೆಕ್ಟರ್ ಆದರೆ ಕತ್ತಲೆ ಬೇಕು. ಹಳೆಯ ಫ್ಲೆಕ್ಸ್ ಬ್ಯಾನರ್ ತಿರುವಿ ಕಿಟಕಿಯ ಕೆಳಗಿನ ಅರ್ಧಕ್ಕೆ ಕಟ್ಟಿದರೆ ಪುಕ್ಕಟೆ ಕರ್ಟನ್ ಸಿದ್ಧ. ಮೇಲಿನ ಅರ್ಧ ತೆರೆದೇ ಇರಲಿ. ಮಾರ್ಚ್ ತಿಂಗಳಲ್ಲಿ ರಾಯಚೂರಿನ ಮುಚ್ಚಿದ ಕೋಣೆಯೊಳಗೆ 45 ಮಕ್ಕಳನ್ನು ಕೂರಿಸಿ ಪಾಠ ಮಾಡುವುದು ಪಾಪದ ಕೆಲಸ.

ಆರು ಅಡಿ ಅಗಲದ ಚಿತ್ರ ಬೇಕಿದ್ದರೆ ಸಾಮಾನ್ಯ ಪ್ರೊಜೆಕ್ಟರನ್ನು ಗೋಡೆಯಿಂದ 9–11 ಅಡಿ ದೂರ ಇಡಬೇಕು. ಸರ್ಕಾರಿ ಶಾಲೆಯ ಕೋಣೆಯಲ್ಲಿ ಅದು ಮಕ್ಕಳ ನಡುವೆಯೇ ಬರುತ್ತದೆ, ವೈರು ಕಾಲಿಗೆ ತೊಡರುತ್ತದೆ. ಛಾವಣಿಗೆ ಕಟ್ಟಿಸಿ, ಹತ್ತು ಮೀಟರ್ ಎಚ್‌ಡಿಎಂಐ ಕೇಬಲ್ ಗೋಡೆಗುಂಟ ಎಳೆಸಿ. ಹಳೆಯ ವಿಜಿಎ ಕೇಬಲ್ ಇದ್ದರೆ ನೆನಪಿಡಿ: ಅದರಲ್ಲಿ ಚಿತ್ರ ಹೋಗುತ್ತದೆ, ದನಿ ಹೋಗುವುದಿಲ್ಲ. ಚಿತ್ರ ಬಂತು, ಸೌಂಡ್ ಇಲ್ಲ ಎಂದು ಅರ್ಧ ಪಿರಿಯಡ್ ಒದ್ದಾಡುವುದು ಇದಕ್ಕೇ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಬೇರೆ ವೈರು ಎಳೆದು ಸ್ಪೀಕರಿಗೆ ಕೊಡಬೇಕು. ಎಚ್‌ಡಿಎಂಐ ಹಾಕಿದರೂ ಚಿತ್ರ ಬರದಿದ್ದರೆ ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಕೀ ಮತ್ತು ‘ಪಿ’ ಒಟ್ಟಿಗೆ ಒತ್ತಿ, ‘ಡೂಪ್ಲಿಕೇಟ್’ ಆರಿಸಿ. ಹತ್ತರಲ್ಲಿ ಎಂಟು ಸಲ ಅಷ್ಟೇ ಇರುತ್ತದೆ.

ಇನ್ನು ಕರೆಂಟು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ ಕಾಣುವ ಊರಿನವರಿಗೂ ಕರೆಂಟ್ ಹೋಗುವುದೆಂದರೆ ಏನೆಂದು ಗೊತ್ತು. ಲೆಕ್ಕ ಹೀಗಿದೆ: ಪ್ರೊಜೆಕ್ಟರ್ 280 ವಾಟ್, ಲ್ಯಾಪ್‌ಟಾಪ್ 60, ಸ್ಪೀಕರ್ 20, ಒಟ್ಟು 360. ಶಾಲೆಯ ಇನ್ವರ್ಟರಿನ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಗಂಟೆಯದಾದರೆ ಒಟ್ಟು 1,800 ವಾಟ್-ಗಂಟೆ. ಕೈಗೆ ಸಿಗುವುದು ಅದರಲ್ಲಿ ಹೆಚ್ಚೆಂದರೆ ಮೂರನೇ ಎರಡು ಭಾಗ. ಅಂದರೆ ಬ್ಯಾಟರಿ ಹೊಸದಿದ್ದಾಗ ಮೂರು ಗಂಟೆ, ನಾಲ್ಕೈದು ವರ್ಷ ಕಳೆದ ಮೇಲೆ ಅದರಲ್ಲಿ ಅರ್ಧ. ಅದೇ ಜಾಗದಲ್ಲಿ 55 ಇಂಚಿನ ಟಿವಿ ಇದ್ದರೆ ಎಲ್ಲ ಸೇರಿ ಸುಮಾರು 200 ವಾಟ್, ಐದೂವರೆ–ಆರು ಗಂಟೆ ನಡೆಯುತ್ತದೆ. ಅನುದಾನ ಬಂದಿದೆ, ಯಾವುದು ಕೊಳ್ಳೋಣ ಎಂದು ಕೇಳುವ ಶಾಲೆಗಳಿಗೆ ಉತ್ತರ ಇದರಲ್ಲೇ ಇದೆ: ಕರೆಂಟ್ ಹೋಗುವ ಊರಿಗೆ ಟಿವಿಯೇ ವಾಸಿ. ಬಲ್ಬ್ ಇರುವ ಹಳೆಯ ಪ್ರೊಜೆಕ್ಟರಿಗೆ ಇನ್ನೂ ಒಂದು ಕಾಯಿಲೆ ಇದೆ. ಆರಿಸಿದ ಮೇಲೂ ಅದರ ಫ್ಯಾನು ಒಂದೆರಡು ನಿಮಿಷ ತಿರುಗಿ ಬಲ್ಬನ್ನು ತಣಿಸಬೇಕು. ಕರೆಂಟ್ ತಟ್ಟನೆ ಹೋದರೆ ಫ್ಯಾನೂ ನಿಂತು, ಕಾದ ಬಲ್ಬಿನ ಆಯಸ್ಸು ಕಡಿಮೆಯಾಗುತ್ತದೆ.

ಕರೆಂಟ್ ಹೋಗುವುದಕ್ಕಿಂತ ತಿರುಗಿ ಬರುವಾಗಿನ ಹೊಡೆತ ಕೆಟ್ಟದ್ದು. ಹೋದ ತಕ್ಷಣ ಪ್ಲಗ್ ಕೀಳಿ, ಬಂದು ಎರಡು ನಿಮಿಷ ಆದ ಮೇಲೆ ಹಾಕಿ. ಕಂಪ್ಯೂಟರ್ ಮುಟ್ಟಿದರೆ ಜುಮ್ ಅನ್ನುತ್ತದೆ ಎಂದು ಮಕ್ಕಳು ಹೇಳಿದರೆ ಅದನ್ನು ತಮಾಷೆ ಮಾಡಿ ಬಿಡಬೇಡಿ, ಅರ್ಥಿಂಗ್ ಇಲ್ಲ ಎಂದರ್ಥ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಕೋಣೆಗೆ ಮಕ್ಕಳನ್ನು ಬಿಡಬೇಡಿ.

ಧೂಳು ಇನ್ನೊಂದು ಶತ್ರು. ಎರೆಹೊಲದ ಧೂಳು, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು, ಎಲ್ಲ ಕಡೆ ಸೀಮೆಸುಣ್ಣ. ಪ್ರೊಜೆಕ್ಟರಿನ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ತೆಗೆದು ಪೇಂಟ್ ಬ್ರಷ್ಷಿನಿಂದ ಝಾಡಿಸಿ. ಬಾಯಿಂದ ಊದಬೇಡಿ, ಉಸಿರಿನ ಪಸೆಗೆ ಧೂಳು ಅಂಟಿ ಕೂರುತ್ತದೆ.

ಕೊನೆಯ ಬೆಂಚಿನ ಪರೀಕ್ಷೆ ತಪ್ಪಿಸಬೇಡಿ. ನಿಮ್ಮ ಸ್ಲೈಡ್ ಹಾಕಿ, ಹಿಂದೆ ಹೋಗಿ ಕೂತು ಓದಿ. ಕನ್ನಡದಲ್ಲಿ ಮೊದಲು ಕರಗಿಹೋಗುವುದು ಒತ್ತಕ್ಷರ. ‘ವಿದ್ಯುಚ್ಛಕ್ತಿ’ಯ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಕಂಡರೆ ಅಕ್ಷರ ಸಣ್ಣದಾಗಿದೆ. ಒಂದು ಸ್ಲೈಡಿಗೆ ಐದು ಸಾಲು, ಸಾಲಿಗೆ ಐದಾರು ಪದ ಮೀರದಿರಲಿ.

ಸಾಮಗ್ರಿಯನ್ನು ಮನೆಯಲ್ಲೇ ಇಳಿಸಿಕೊಂಡು ಬನ್ನಿ

ತರಗತಿಯಲ್ಲಿ ನೆಟ್ ನಂಬಿ ಪಾಠ ಶುರು ಮಾಡಬೇಡಿ. ಇದೊಂದನ್ನು ಹಠ ಹಿಡಿದು ಪಾಲಿಸಿದರೂ ಅರ್ಧ ತೊಂದರೆ ಕಳೆಯುತ್ತದೆ. ಹತ್ತು ನಿಮಿಷದ ವಿಡಿಯೊ ಸ್ಪಷ್ಟವಾಗಿ ಕಾಣುವ ಗುಣಮಟ್ಟದಲ್ಲಿ ಸುಮಾರು 80ರಿಂದ 100 ಎಂಬಿ ತಿನ್ನುತ್ತದೆ. ಸಿಗ್ನಲ್ ಒಂದೇ ಕಡ್ಡಿ ಇರುವ ಊರಲ್ಲಿ ಅದು ತಿರುಗುವ ವೃತ್ತವಾಗಿಯೇ ಉಳಿಯುತ್ತದೆ. ಆ ವೃತ್ತ ನೋಡಿ ಮಕ್ಕಳು ಕಲಿಯುವುದು ಗದ್ದಲ ಮಾಡುವುದನ್ನು.

ಪಠ್ಯಪುಸ್ತಕದ ಕ್ಯೂಆರ್ ಸಂಕೇತ ದೀಕ್ಷಾ ಎಂಬ ಸರ್ಕಾರಿ ಆನ್‌ಲೈನ್ ಪಾಠಗಳ ವೇದಿಕೆಗೆ ಒಯ್ಯುತ್ತದೆ. 2017ರಿಂದ ನಡೆದಿರುವ ವೇದಿಕೆ ಇದು. ಪುಸ್ತಕ ಹಳೆಯದಾಗಿ ಸಂಕೇತ ಮಾಸಿದ್ದರೆ ಅದರ ಕೆಳಗಿನ ಆರು ಅಕ್ಷರ-ಅಂಕಿಗಳ ಕೋಡನ್ನು ಟೈಪ್ ಮಾಡಿದರೂ ಅದೇ ಜಾಗಕ್ಕೆ ಹೋಗುತ್ತೀರಿ. ಆ್ಯಪ್‌ನೊಳಗೆ ಡೌನ್‌ಲೋಡ್ ಒತ್ತಿದರೆ ನೆಟ್ ಇಲ್ಲದೆಯೂ ತೆರೆಯುತ್ತದೆ. ಆದರೆ ಅದು ಆ್ಯಪ್‌ನ ಹೊಟ್ಟೆಯಲ್ಲೇ ಇರುತ್ತದೆ, ವಿಡಿಯೊ ಫೈಲಾಗಿ ಪೆನ್‌ಡ್ರೈವಿಗೆ ಬರುವುದಿಲ್ಲ. ಯೂಟ್ಯೂಬ್ ಆ್ಯಪ್‌ನಲ್ಲಿ ಉಳಿಸಿಕೊಂಡದ್ದೂ ಹಾಗೆಯೇ. ಆಗ ಫೋನಿನ ಪರದೆಯನ್ನೇ ಟಿವಿಗೆ ಕಾಣಿಸಬೇಕು. ಬಹಳ ಆಂಡ್ರಾಯ್ಡ್ ಫೋನುಗಳಲ್ಲಿ ‘ಸ್ಕ್ರೀನ್ ಮಿರರಿಂಗ್’, ‘ಸ್ಮಾರ್ಟ್ ವ್ಯೂ’, ‘ಕಾಸ್ಟ್’ ಎಂಬ ಹೆಸರಲ್ಲಿ ಆ ಸೌಲಭ್ಯ ಇರುತ್ತದೆ. ಕೆಲವು ಟಿವಿಗಳು ನೇರವಾಗಿ ಫೋನಿಗೆ ಸೇರಿಕೊಳ್ಳುತ್ತವೆ, ಕೆಲವು ಎರಡೂ ಒಂದೇ ವೈಫೈನಲ್ಲಿರಲಿ ಎನ್ನುತ್ತವೆ. ಅಂಥ ಕಡೆ ಇನ್ನೊಬ್ಬರ ಫೋನಿನ ಹಾಟ್‌ಸ್ಪಾಟ್ ಸಾಕು. ಹಿಂದಿನ ದಿನ ಸಂಜೆ ಒಮ್ಮೆ ಜೋಡಿಸಿ ನೋಡಿ.

ಪರದೆಗೆ ಫೋನ್ ಜೋಡಿಸುವ ಮುಂಚೆ ಅದನ್ನು ‘ಡೋಂಟ್ ಡಿಸ್ಟರ್ಬ್’ಗೆ ಹಾಕಿ. ಇಲ್ಲದಿದ್ದರೆ ಸೊಸೈಟಿ ಸಾಲದ ಕಂತಿನ ಮೆಸೇಜು ಒಂಬತ್ತನೇ ತರಗತಿಯವರೆಲ್ಲ ಒಟ್ಟಿಗೆ ಓದುತ್ತಾರೆ.

ಪೆನ್‌ಡ್ರೈವ್ ಟಿವಿಗೆ ಹಾಕಿದಾಗ ಏನೂ ಕಾಣದಿದ್ದರೆ ಅದು ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರಬಹುದು, ಫ್ಯಾಟ್32ಕ್ಕೆ ಬದಲಿಸಿ. ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸುತ್ತದೆ, ಮೊದಲು ಬೇರೆಡೆ ಉಳಿಸಿಕೊಳ್ಳಿ. ದನಿ ಕೇಳಿ ಚಿತ್ರ ಬರದಿದ್ದರೆ ವಿಡಿಯೊ ಎಚ್.265 ಬಗೆಯದು, ಹಳೆಯ ಟಿವಿಗೆ ಅದು ತಿಳಿಯದು. ಎಂಪಿ4 ಫೈಲು, ಎಚ್.264 ಬಗೆ: ಈ ಜೋಡಿ ಎಲ್ಲ ಕಡೆ ನಡೆಯುತ್ತದೆ. ಲ್ಯಾಪ್‌ಟಾಪಿನಲ್ಲಾದರೆ ವಿಎಲ್‌ಸಿ ಎಂಬ ಉಚಿತ ವಿಡಿಯೊ ತಂತ್ರಾಂಶ ಹಾಕಿಕೊಳ್ಳಿ, ಅದು ಯಾವುದಕ್ಕೂ ಬೇಡ ಅನ್ನುವುದಿಲ್ಲ.

ಇನ್ನೊಂದು ನಮ್ಮದೇ ತಲೆನೋವು: ಕನ್ನಡ ಟೈಪಿಂಗ್ ತಂತ್ರಾಂಶ ನುಡಿ. ನುಡಿಯ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಆ ಕಂಪ್ಯೂಟರಿನಲ್ಲಿ ಮುತ್ತಿನಂತೆ ಕಾಣುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಪಾಲಕರ ಫೋನಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹೊಸದಾಗಿ ಬರೆಯುವುದನ್ನೆಲ್ಲ ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲೇ ಬರೆಯಿರಿ. ಹಳೆಯ ಫೈಲಾದರೆ ಪಿಡಿಎಫ್ ಮಾಡಿ ಕಳಿಸಿ. ಟೈಪಿಂಗ್ ಬಾರದವರು ಫೋನಿನ ಕೀಬೋರ್ಡಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ಬಳಸಬಹುದು. ನಿಮ್ಮ ಊರಿನ ಮಾತು ಅದಕ್ಕೆ ಅರ್ಥವಾಗಲಿಕ್ಕಿಲ್ಲ, ಸ್ವಲ್ಪ ಪುಸ್ತಕದ ಕನ್ನಡದಲ್ಲೇ ಹೇಳಬೇಕು.

ವಿಡಿಯೊಗಳಿಗೂ ಇದೇ ಗೋಳು. ದನಿ ಕೊಟ್ಟವರ ಕನ್ನಡ ಬಹುಪಾಲು ಬೆಂಗಳೂರು-ಮೈಸೂರು ಕಡೆಯದು, ವೇಗವೂ ಜಾಸ್ತಿ. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳಿಗೆ ಅದು ಇನ್ನೂ ದೂರ. ಉಪಾಯ ಸರಳ: ದನಿ ಬಂದ್ ಮಾಡಿ, ನೀವೇ ಮಾತಾಡಿ. ಚಿತ್ರ ಅವರದು, ಮಾತು ನಿಮ್ಮದು. ಬೇಕಾದಲ್ಲಿ ನಿಲ್ಲಿಸಿ ‘ಈಗ ಏನಾತು? ಯಾಕ ಹಿಂಗಾತು?’ ಎಂದು ಕೇಳುವುದಕ್ಕೂ ಆಗ ದಾರಿ ಇರುತ್ತದೆ.

ಒಂದು ಪಿರಿಯಡ್ಡನ್ನು ಬಿಡಿಸಿ ನೋಡೋಣ

ಹತ್ತನೇ ತರಗತಿ, ವಿದ್ಯುತ್ತಿನ ಪಾಠ, ಸರಣಿ ಮತ್ತು ಸಮಾಂತರ ಜೋಡಣೆ. ಬೇಕಾದ ಸಾಮಾನು: ಒಂದೂವರೆ ವೋಲ್ಟಿನ ಎರಡು ಸೆಲ್, ಮೂರು ಟಾರ್ಚ್ ಬಲ್ಬ್, ತುಂಡು ವೈರು. ಇದರ ಜೊತೆ ಫೆಟ್ ಎಂಬ ಅನುಕರಣೆಗಳ (ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳ) ಸಂಗ್ರಹದಿಂದ ವಿದ್ಯುತ್ ಮಂಡಲ ಕಟ್ಟುವ ಡಿಸಿ ಕಿಟ್. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು ಇದು. ಉಚಿತ, ಹಲವು ಅನುಕರಣೆಗಳು ಕನ್ನಡದಲ್ಲೂ ಇವೆ. ಅನುಕರಣೆಯ ಪುಟದಲ್ಲಿ ಅನುವಾದಗಳ ಪಟ್ಟಿಗೆ ಹೋಗಿ ಕನ್ನಡ ಇದೆಯೇ ನೋಡಿ ಇಳಿಸಿಕೊಳ್ಳಿ. ಕೆಲವೇ ಎಂಬಿಯ ಎಚ್‌ಟಿಎಂಎಲ್ ಫೈಲು. ಆಮೇಲೆ ನೆಟ್ ಬೇಡ. ತೆರೆಯುವಾಗ ಕ್ರೋಮ್ ಆರಿಸಿ. ಫೋನಿನ ಸಾದಾ ಎಚ್‌ಟಿಎಂಎಲ್ ವೀಕ್ಷಕ ಆರಿಸಿದರೆ ಬಿಳಿ ಪುಟ ಮಾತ್ರ ಕಾಣಬಹುದು.

ಪರದೆ ಆರಿರಲಿ. ಮೇಜಿನ ಮೇಲೆ ಒಂದು ಬಲ್ಬ್ ಉರಿಸಿ. ಹಲಗೆಯ ಮೇಲೆ ಪ್ರಶ್ನೆ: ಇದೇ ಸಾಲಿನಲ್ಲಿ ಎರಡನೇ ಬಲ್ಬ್ ಸೇರಿಸಿದರೆ? 1. ಮೊದಲನೆಯದು ಹಾಗೇ ಇರುತ್ತದೆ, ಎರಡನೆಯದು ಮಂಕು. 2. ಎರಡೂ ಸಮ, ಎರಡೂ ಮಂಕು. 3. ಎರಡೂ ಮೊದಲಿನಷ್ಟೇ ಬೆಳಕು. 4. ಎರಡೂ ಆರುತ್ತವೆ. ಕಣ್ಣು ಮುಚ್ಚಿ, ಎದೆಯ ಹತ್ತಿರ ಬೆರಳು ತೋರಿಸಲಿ. ಕೈ ಮೇಲೆತ್ತಿಸಿದರೆ ಎಲ್ಲರೂ ತರಗತಿಯ ಜಾಣನ ಬೆರಳು ನೋಡಿಯೇ ತಮ್ಮ ಬೆರಳು ಎತ್ತುತ್ತಾರೆ. ಎಣಿಸಿ.

ಈ ಎಣಿಕೆಯ ಮೇಲೆ ಮುಂದಿನ ಹೆಜ್ಜೆ ನಿಂತಿದೆ. ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಝೂರ್ 1990ರ ದಶಕದಲ್ಲಿ ರೂಢಿಗೆ ತಂದ ಲೆಕ್ಕವನ್ನು ನಮ್ಮ 40 ಮಕ್ಕಳಿಗೆ ಇಳಿಸಿದರೆ: ಸರಿ ಉತ್ತರ 12ಕ್ಕಿಂತ ಕಡಿಮೆ ಇದ್ದರೆ ಇನ್ನೊಮ್ಮೆ ವಿವರಿಸಿ. 12ರಿಂದ 28 ಇದ್ದರೆ ಪಕ್ಕದವರ ಜೊತೆ ಎರಡು ನಿಮಿಷ ಚರ್ಚೆಗೆ ಬಿಟ್ಟು ಮತ್ತೆ ಬೆರಳು ಎಣಿಸಿ. 28 ದಾಟಿದರೆ ಮುಂದೆ ಸಾಗಿ. ಈ ಪ್ರಶ್ನೆಗೆ ‘1’ ಎನ್ನುವವರು ಬಹಳ. ‘ಮೊದಲನೇ ಬಲ್ಬು ಕರೆಂಟ್ ತಿಂತದ್ರೀ ಸರ್, ಎರಡನೇದಕ್ಕ ಉಳಿದಷ್ಟ ಬರ್ತದ’ ಎನ್ನುವ ತರ್ಕ. ಕಾಲುವೆಯ ಮೇಲ್ಭಾಗದ ಹೊಲದವರು ನೀರು ಎಳೆದುಕೊಂಡರೆ ಕೊನೆಯ ಹೊಲಕ್ಕೆ ನೀರಿಲ್ಲ ಎಂಬುದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಊರಿನ ಮಕ್ಕಳು ಕಣ್ಣಾರೆ ಕಂಡಿದ್ದಾರೆ. ಬಲ್ಬಿಗೂ ಅದನ್ನೇ ಹಚ್ಚುತ್ತಾರೆ. ತಪ್ಪೆಂದು ಬೈಯುವ ಉತ್ತರ ಅಲ್ಲ ಅದು.

ಈಗ ಎರಡನೇ ಬಲ್ಬ್ ಸೇರಿಸಿ. ಎರಡೂ ಸಮನಾಗಿ ಮಂಕಾಗುತ್ತವೆ. ಇಲ್ಲೊಂದು ಗುಂಡಿ ಇದೆ: ಬಲ್ಬುಗಳು ಒಂದೇ ಪೊಟ್ಟಣದವು, ಒಂದೇ ನಮೂನೆಯವು ಆಗಿರಬೇಕು. ಬೇರೆ ಬೇರೆ ರೇಟಿಂಗಿನವು ನೋಡಲು ಒಂದೇ ಥರ ಇದ್ದು, ಒಂದು ಜೋರಾಗಿ ಇನ್ನೊಂದು ಮಂಕಾಗಿ ಉರಿಯುತ್ತವೆ. ಆಗ ಮಕ್ಕಳ ತಪ್ಪು ತಿಳಿವಳಿಕೆಗೆ ನಿಮ್ಮ ಪ್ರಯೋಗವೇ ಸಾಕ್ಷಿ ಹೇಳಿದಂತಾಗುತ್ತದೆ. ಹಿಂದಿನ ದಿನವೇ ಜೋಡಿಸಿ ನೋಡಿ.

ಇಷ್ಟಾದ ಮೇಲೆ, ಸುಮಾರು ಹನ್ನೆರಡನೇ ನಿಮಿಷಕ್ಕೆ, ಪರದೆ ಹಚ್ಚಿ. ಮೇಜಿನ ಮೇಲೆ ಕಾಣದ ಎಲೆಕ್ಟ್ರಾನುಗಳು ಇಲ್ಲಿ ಕಾಣುತ್ತವೆ. 9 ವೋಲ್ಟಿನ ಬ್ಯಾಟರಿಗೆ 10 ಓಮಿನ ಒಂದು ಬಲ್ಬ್: ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಸರಣಿಯಲ್ಲಿ ಎರಡು: 0.45. ಅಮ್ಮೀಟರನ್ನು ಮೊದಲ ಬಲ್ಬಿನ ಮುಂದೆ, ನಡುವೆ, ಎರಡನೆಯದರ ಆಚೆ ಇಟ್ಟು ತೋರಿಸಿ, ಎಲ್ಲ ಕಡೆ ಅದೇ 0.45. ಯಾರೂ ಕರೆಂಟ್ ತಿಂದಿಲ್ಲ. ಪಾಠದ ಜೀವ ಈ ಮೂರು ಓದುಗಳಲ್ಲಿದೆ, ಅವಸರ ಮಾಡಬೇಡಿ. ಆಮೇಲೆ ಸಮಾಂತರ: ಪ್ರತಿ ಬಲ್ಬಿಗೆ 0.90, ಬ್ಯಾಟರಿಯಿಂದ 1.80. ಓದುವುದು ನೀವಲ್ಲ, ಒಬ್ಬ ಹುಡುಗಿ ಎದ್ದು ಓದಲಿ, ಇನ್ನೊಬ್ಬ ಹಲಗೆಯ ಮೇಲೆ ಬರೆಯಲಿ.

ಬಲ್ಬ್ ಬಿಟ್ಟು ವೈರನ್ನು ನೇರ ಬ್ಯಾಟರಿಗೆ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಏಳುತ್ತದೆ. ಹುಡುಗರು ಹೋ ಎನ್ನುತ್ತಾರೆ, ಇನ್ನೊಮ್ಮೆ ಸರ್ ಎನ್ನುತ್ತಾರೆ. ಒಮ್ಮೆ ತೋರಿಸಿ, ಶಾರ್ಟ್ ಸರ್ಕಿಟ್ ಎಂದರೇನು ಎಂದು ಅಲ್ಲೇ ಹೇಳಿ. ಮೂರನೇ ಸಲ ಬೇಡ. ಎಂಟು ನಿಮಿಷಕ್ಕೆ ಪರದೆ ಆರಿಸಿ. ನಿಜಕ್ಕೂ ಆರಿಸಿ. ಉರಿಯುವ ಪರದೆಯ ಮುಂದೆ ಯಾರೂ ನೋಟ್‌ಬುಕ್ ನೋಡುವುದಿಲ್ಲ.

ಮುಂದಿನ ಹನ್ನೆರಡು ನಿಮಿಷ ನೋಟ್‌ಬುಕ್ಕಿನದು: ಎರಡು ಚಿತ್ರ, ಒಂದು ಕೋಷ್ಟಕ, ಮೂರನೇ ಬಲ್ಬ್ ಸೇರಿಸಿದರೆ ಎಷ್ಟು ಎಂಬ ಲೆಕ್ಕ. ಸರಣಿಯಲ್ಲಿ 0.30, ಸಮಾಂತರದಲ್ಲಿ ಒಟ್ಟು 2.70 ಬರಬೇಕು. ಗಂಟೆ ಹೊಡೆಯುವ ಮುನ್ನ ಒಂದು ಚೀಟಿ: ‘ಮನ್ಯಾಗ ಫ್ಯಾನ್ ಬಂದ್ ಮಾಡಿದ್ರೂ ಬಲ್ಬ್ ಉರೀತದ, ಯಾಕ?’ ಚೀಟಿಗಳನ್ನು ಮೂರು ರಾಶಿ ಮಾಡಿ: ಗೊತ್ತಾದವರು, ಅರ್ಧ ಗೊತ್ತಾದವರು, ಆಗದವರು. ನಾಳೆಯ ಪಾಠದ ತಯಾರಿ ಅದೇ. ನಡುವೆ ಕರೆಂಟ್ ಹೋಗಿದ್ದರೆ? ಅಮ್ಮೀಟರ್ ಅಂಕಿಗಳನ್ನು ಬರೆದ ಚಾರ್ಟ್ ಒಂದನ್ನು ಮೊದಲೇ ಮಾಡಿಟ್ಟುಕೊಂಡಿದ್ದರೆ ಪಾಠ ನಿಲ್ಲುವುದಿಲ್ಲ.

ಸಮಾಜ ವಿಜ್ಞಾನದವರಿಗೂ ಇದೇ ಅಚ್ಚು ಒಗ್ಗುತ್ತದೆ. ಗೂಗಲ್ ಅರ್ಥ್ ಪ್ರೋದಲ್ಲಿ ಗಡಿಯಾರದ ಗುರುತು ಒತ್ತಿದರೆ ಹಿಂದಿನ ವರ್ಷಗಳ ಉಪಗ್ರಹ ಚಿತ್ರ ಸಿಗುತ್ತದೆ. ಮುನಿರಾಬಾದಿನ ಬಳಿ ತುಂಗಭದ್ರಾ ಜಲಾಶಯದ ಹಿನ್ನೀರು ತುಂಬಿದಾಗ ಮತ್ತು ಬತ್ತಿದಾಗ, ಅಥವಾ ಸಂಡೂರಿನ ಗುಡ್ಡಗಳು ಆಗ ಮತ್ತು ಈಗ. ಎರಡೆರಡು ಚಿತ್ರ ಉಳಿಸಿಕೊಂಡು ಬನ್ನಿ. ಮೊದಲು ಊಹೆ, ಆಮೇಲೆ ಚಿತ್ರ, ಆಮೇಲೆ ನೋಟ್‌ಬುಕ್.

ಗುಂಪು ಮಾಡಿ ತಿರುಗಿಸುವುದು

ಒಂದು ಗುಂಪು ಶಿಕ್ಷಕರ ಹತ್ತಿರ, ಒಂದು ಕಂಪ್ಯೂಟರಿನ ಮುಂದೆ, ಒಂದು ನೋಟ್‌ಬುಕ್ ಕೆಲಸದಲ್ಲಿ. ತರಬೇತಿಯಲ್ಲಿ ಕೇಳಲು ಚೆನ್ನಾಗಿರುತ್ತದೆ. 40 ನಿಮಿಷಕ್ಕೆ ಮೂರು ಗುಂಪು ತಿರುಗಿಸಿದರೆ ಓಡಾಟದಲ್ಲೇ ಪಿರಿಯಡ್ ಮುಗಿಯುತ್ತದೆ. ಒಂದೇ ಪಿರಿಯಡ್ ಇದ್ದರೆ ಎರಡು ಗುಂಪು, ತಲಾ 16 ನಿಮಿಷ. ಮೂರು ಗುಂಪಿಗೆ ಸತತ ಎರಡು ಪಿರಿಯಡ್ ಬೇಕು, ತಲಾ 22 ನಿಮಿಷ. ಇಕ್ಕಟ್ಟಿನ ಕೋಣೆಯಲ್ಲಿ ಮಕ್ಕಳನ್ನು ಎಬ್ಬಿಸುವ ಬದಲು ಟ್ಯಾಬನ್ನೇ ದಾಟಿಸಿ.

ಒಂದು ಟ್ಯಾಬಿಗೆ ಮೂರು–ನಾಲ್ಕು ಮಕ್ಕಳಿಗಿಂತ ಹೆಚ್ಚು ಬೇಡ. ಒಬ್ಬರು ಒತ್ತುವವರು, ಒಬ್ಬರು ಜೋರಾಗಿ ಓದುವವರು, ಒಬ್ಬರು ಬರೆಯುವವರು, ಐದು ನಿಮಿಷಕ್ಕೊಮ್ಮೆ ಅದಲು ಬದಲು. ಹೀಗೆ ಹೇಳದೆ ಬಿಟ್ಟರೆ ಮನೆಯಲ್ಲಿ ಫೋನ್ ಇರುವ ಹುಡುಗನೇ ಕೊನೆಯವರೆಗೆ ಒತ್ತುತ್ತಾನೆ. ಹುಡುಗಿಯರು ಅವನ ಭುಜದ ಮೇಲಿಂದ ಇಣುಕುತ್ತಾರೆ. ಶಿಕ್ಷಕರ ಹತ್ತಿರದ ಗುಂಪು ನಿನ್ನೆಯ ಚೀಟಿಯಲ್ಲಿ ಮೂರನೇ ರಾಶಿಗೆ ಬಿದ್ದವರದಾಗಿರಲಿ. ಅದು ಪ್ರತಿಸಲ ಅದೇ ಮಕ್ಕಳ ಗುಂಪಾದರೆ ಎರಡೇ ವಾರಕ್ಕೆ ಅದಕ್ಕೊಂದು ಕೆಟ್ಟ ಹೆಸರು ಹುಟ್ಟುತ್ತದೆ.

ಮನೆಯ ಪಾಲು

ವಿಡಿಯೊ ಮನೆಯಲ್ಲಿ ನೋಡಿ ಬರುವುದು, ಲೆಕ್ಕ ತರಗತಿಯಲ್ಲಿ ಮಾಡುವುದು: ಮಿಶ್ರ ಕಲಿಕೆ ಎಂದರೆ ಬಹಳ ಜನ ಇದನ್ನೇ ಹೇಳುತ್ತಾರೆ. ನಮ್ಮ ಕಡೆ ಇದಕ್ಕೆ ಕೈ ಹಾಕುವ ಮುನ್ನ ಒಂದು ಹಾಳೆಯಲ್ಲಿ ಮಕ್ಕಳಿಂದ ಬರೆಸಿಕೊಳ್ಳಿ: ಮನೆಯಲ್ಲಿ ಯಾವ ಫೋನು, ಕೀಪ್ಯಾಡೋ ಸ್ಮಾರ್ಟೋ? ಅದು ಯಾರದು? ಎಷ್ಟು ಗಂಟೆಗೆ ಮನೆಗೆ ಬರುತ್ತದೆ? ರಾತ್ರಿ ಅಷ್ಟೊತ್ತಿಗೆ ಆ ದಿನದ ಡೇಟಾ ಉಳಿದಿರುತ್ತದೆಯೇ? ಫೋನು ಅಪ್ಪನ ಜೇಬಿನಲ್ಲಿ ಹೊಲಕ್ಕೆ, ಕ್ವಾರಿಗೆ, ಜೀನ್ಸ್ ಹೊಲಿಯುವ ಘಟಕಕ್ಕೆ ಹೋಗಿ ರಾತ್ರಿ ಎಂಟಕ್ಕೆ ಮರಳುತ್ತದೆ. ಅಣ್ಣನೂ ತಂಗಿಯೂ ಅದಕ್ಕೇ ಕಾಯುತ್ತಿರುತ್ತಾರೆ. ಹಾಳೆಯಲ್ಲಿ ಶೇ. 80ರಷ್ಟು ಮನೆಗಳಿಗೆ ಸಂಜೆ ಫೋನ್ ಸಿಗುವುದು ಖಾತ್ರಿಯಾಗದಿದ್ದರೆ ಹೊಸ ಪಾಠವನ್ನು ಮನೆಗೆ ಕಳಿಸಬೇಡಿ. ಮನೆಗೆ ಹೋಗುವುದು ಪುನರಾವರ್ತನೆ ಮಾತ್ರ, ನೋಡದವರಿಗೆ ನಷ್ಟವಾಗಬಾರದು. ನೋಡದೆ ಬಂದವರನ್ನು ಎದ್ದು ನಿಲ್ಲಿಸುವ ಅಭ್ಯಾಸ ಇದ್ದರೆ ಮಿಶ್ರ ಕಲಿಕೆ ಶುರು ಮಾಡದಿರುವುದೇ ಒಳ್ಳೆಯದು.

ವಿಡಿಯೊಗಿಂತ ದನಿ ಹಗುರ. ಮೂರು ನಿಮಿಷದ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಒಂದು ಎಂಬಿಯೊಳಗೇ ಇರುತ್ತದೆ. ಜೊತೆಗೆ ಹಲಗೆಯ ಒಂದು ಫೋಟೊ. ದಸರಾ ಕಳೆದ ಮೇಲೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವ ಮಕ್ಕಳು, ಮನೆಮಂದಿ ಜೊತೆ ಬೆಂಗಳೂರಿಗೆ ಗುಳೆ ಹೋಗುವ ಮಕ್ಕಳು ಇದನ್ನು ಕೇಳಬಲ್ಲರು. ಅವರಿಂದ ತಿರುಗಿ ಒಂದು ನಿಮಿಷದ ದನಿ ತರಿಸಿಕೊಳ್ಳಿ: ಪಾಠದ ಒಂದು ಪ್ಯಾರಾ ಓದಿ ಕಳಿಸಲಿ. ಕಟ್ಟಡ ಕೆಲಸದ ಶೆಡ್ಡಿನಿಂದ ಬರುವ ಆ ಒಂದು ನಿಮಿಷ, ಮಗು ಶಾಲೆಯ ಕೈಬಿಟ್ಟಿಲ್ಲ ಎಂಬುದಕ್ಕೆ ಗುರುತು. ಕೀಪ್ಯಾಡ್ ಫೋನಿನ ಮನೆಗೆ ವಾರಕ್ಕೊಂದು ಕರೆ, ಎರಡು ಪ್ರಶ್ನೆ. ಮಕ್ಕಳ ಫೋಟೊ, ಅಂಕ, ಬೈಗುಳ ಯಾವುದನ್ನೂ ಪಾಲಕರ ಗುಂಪಿನಲ್ಲಿ ಹಾಕಬೇಡಿ.

ಜೊತೆಗಿರುವ ಶಿಕ್ಷಕರಿಗೆ ನೆರವಾಗುವುದು ಹೇಗೆ

ಸಭಾಂಗಣದಲ್ಲಿ ಅರವತ್ತು ಜನರನ್ನು ಕೂರಿಸಿ ದಿನವಿಡೀ ಆ್ಯಪ್ ತೋರಿಸುವ ತರಬೇತಿಯಿಂದ ತರಗತಿಗೆ ಬರುವುದು ಬಲು ಕಡಿಮೆ. ಶಿಕ್ಷಕರ ಫೋನು ಈಗಾಗಲೇ ಸ್ಯಾಟ್ಸ್ (ಮಕ್ಕಳ ದಾಖಲೆ ತುಂಬುವ ಇಲಾಖೆಯ ತಂತ್ರಾಂಶ), ಬಿಸಿಯೂಟದ ಲೆಕ್ಕ, ಇನ್ನೆಂಥದೋ ಮಾಹಿತಿ ತುಂಬಿಸಿ ದಣಿದಿದೆ. ಇನ್ನೊಂದು ಆ್ಯಪ್ ಎಂದರೆ ಮುಖ ಸಿಂಡರಿಸುವುದು ಸಹಜ. ಬದಲಿಗೆ ಒಬ್ಬ ಶಿಕ್ಷಕರು, ಒಂದು ಪಾಠ, ಮೂರು ಭೇಟಿ.

ಮೊದಲ ಭೇಟಿಯಲ್ಲಿ ಲ್ಯಾಪ್‌ಟಾಪ್ ತೆಗೆಯಬೇಡಿ. ‘ಯಾವ ಪಾಠ ಮಾಡಿದಷ್ಟೂ ಮಕ್ಕಳಿಗೆ ಹತ್ತೋದಿಲ್ರೀ ಸರ್?’ ಎಂದು ಕೇಳಿ, ಉತ್ತರ ಪತ್ರಿಕೆ ಒಟ್ಟಿಗೆ ನೋಡಿ, ಒಂದು ಎಡೆ ಆರಿಸಿ. ಎರಡನೇ ಭೇಟಿಯಲ್ಲಿ ಪಾಠ ಅವರೇ ಮಾಡಲಿ. ವೈರು, ಸೌಂಡು, ರಿಮೋಟು ನಿಮ್ಮ ಜವಾಬ್ದಾರಿ. ನೀವೇ ಪಾಠ ಮಾಡಿ ತೋರಿಸಿದರೆ ಅವರು ಚಪ್ಪಾಳೆ ತಟ್ಟಿ ಮರೆಯುತ್ತಾರೆ. ಮೂರನೇ ಭೇಟಿಯಲ್ಲಿ ವೈರು ಜೋಡಿಸುವುದೂ ಅವರದೇ, ನೀವು ಕೊನೆಯ ಬೆಂಚಿನಲ್ಲಿ ಕೂತು ಮೂರು ಸಂಗತಿ ಬರೆದುಕೊಳ್ಳಿ: ಪರದೆ ಎಷ್ಟು ನಿಮಿಷ ಉರಿಯಿತು, ಎಷ್ಟು ಮಕ್ಕಳು ಬಾಯಿ ಬಿಟ್ಟರು, ಪರದೆ ಆರಿದ ಮೇಲೆ ನೋಟ್‌ಬುಕ್ಕಿಗೆ ಏನು ಬಂತು. ಟೀಕೆ ಒಂದೇ ಹೇಳಿ, ಅದೂ ಸ್ಟಾಫ್ ರೂಮಿನಲ್ಲಲ್ಲ.

ನಿವೃತ್ತಿಗೆ ಎರಡು ಮೂರು ವರ್ಷ ಉಳಿದ ಶಿಕ್ಷಕರು ‘ನನಗ್ಯಾಕ ಇದೆಲ್ಲ’ ಎನ್ನುತ್ತಾರೆ. ಅವರಿಗೆ ಸ್ಲೈಡ್ ಮಾಡುವುದನ್ನು ಕಲಿಸಲು ಹೋಗಬೇಡಿ. ಅವರ ಫೋನನ್ನು ಡಬ್ಬಿಯೊಂದರ ಮೇಲೆ ಕೆಳಮುಖವಾಗಿ ಕೂರಿಸಿ ಟಿವಿಗೆ ಜೋಡಿಸಿ, ಕ್ಯಾಮೆರಾ ಅಡಿಯಲ್ಲಿ ಒಂದು ಮಗುವಿನ ನೋಟ್‌ಬುಕ್ ಇಡಿ. ಆ ಮಗು ಮಾಡಿದ ಲೆಕ್ಕವನ್ನು ಇಡೀ ತರಗತಿ ಒಟ್ಟಿಗೆ ನೋಡಿ ತಿದ್ದುತ್ತದೆ. ಕಲಿಯಬೇಕಾದ ಹೊಸ ತಂತ್ರಾಂಶ ಏನೂ ಇಲ್ಲ, ಮೂವತ್ತು ವರ್ಷದ ಅನುಭವವೆಲ್ಲ ಪರದೆಯ ಮೇಲೆ ಬರುತ್ತದೆ. ಮೊದಲ ಸಲ ನೋಟ್‌ಬುಕ್ ಇಡುವಾಗ ಲೆಕ್ಕ ಸರಿ ಮಾಡಿದ ಮಗುವಿನದನ್ನೇ ಆರಿಸಿ, ಹೆಸರು ಮುಚ್ಚಿ.

ಬೇಸಿಗೆಗೆ ಬೀಗ ಹಾಕುವ ಮುನ್ನ

ಏಪ್ರಿಲ್ ರಜೆಗೆ ಮುಚ್ಚಿದ ಕೋಣೆ 40 ಡಿಗ್ರಿ ಮೀರಿ ಕಾಯುತ್ತದೆ. ಟ್ಯಾಬು, ಲ್ಯಾಪ್‌ಟಾಪುಗಳನ್ನು ಅರ್ಧ ಚಾರ್ಜ್ ಮಾಡಿ, ಆರಿಸಿ, ತಗಡಿನ ಛಾವಣಿ ಇಲ್ಲದ ಕೋಣೆಯ ಕಪಾಟಿನಲ್ಲಿಡಿ. ಪೂರ್ತಿ ತುಂಬಿಸಿಟ್ಟರೂ ಪೂರ್ತಿ ಖಾಲಿ ಬಿಟ್ಟರೂ ಜೂನ್‌ನಲ್ಲಿ ಬ್ಯಾಟರಿ ಉಬ್ಬಿರುತ್ತದೆ ಅಥವಾ ಸತ್ತಿರುತ್ತದೆ. ರಿಮೋಟಿನ ಸೆಲ್ ತೆಗೆಯಿರಿ, ಇಲ್ಲದಿದ್ದರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ ತುಂಬಿಸಿ. ಬೋರಿನ ನೀರು ಹಾಕಿದರೆ ಪ್ಲೇಟು ಹಾಳು. ಪೆನ್‌ಡ್ರೈವಿನಲ್ಲಿ ಇರುವುದನ್ನೆಲ್ಲ ಇನ್ನೊಂದಕ್ಕೆ ನಕಲು ಮಾಡಿ, ಎರಡರ ಮೇಲೂ ತರಗತಿ, ವಿಷಯ ಬರೆದ ಪಟ್ಟಿ ಅಂಟಿಸಿ, ಒಂದನ್ನು ಶಾಲೆಯಲ್ಲಿ, ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ. ಟಿವಿಗೆ ಹಳೆಯ ಬೆಡ್‌ಶೀಟ್ ಹೊದಿಸಿ, ಪ್ಲಗ್ ಕಿತ್ತು, ಕೀಲಿಯನ್ನು ಮತ್ತೆ ಅದೇ ಮೊಳೆಗೆ ನೇತುಹಾಕಿ.